ಗೋಮಾಳದ ಕ್ರಿಸ್‌ಮಸ್ ಮರ

ಡಾರ್ಸೆಟ್ ಸೀಮೆಯ ವಿನ್‌ಕೂಂಬ್ ಊರಿನ ಗೋಮಾಳದ ಬಾಗಿಲಲ್ಲಿ ಎರಡು ಫಲಕಗಳು. ಒಂದರಲ್ಲಿ ‘ಸಂರಕ್ಷಿತ ಪ್ರದೇಶ’ ಎಂದಿತ್ತು. ಇನ್ನೊಂದರಲ್ಲಿ, ‘ಶನಿವಾರ ಮರ ಕಡಿಯಲು ಬನ್ನಿ, ಚಹಾ ಉಂಟು.’ ಡೆಸ್ಮಂಡ್ ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಅರ್ಥ ಬದಲಾಗಲಿಲ್ಲ.

ಅಲ್ಲಿ ಅವನು ನೆಟ್ಟ ಮರಗಳೂ ಇದ್ದವು. ಹಬ್ಬ ಮುಗಿದ ಮೇಲೆ ಕುಂಡದ ಕ್ರಿಸ್‌ಮಸ್ ಗಿಡವನ್ನು ಎಸೆಯಲಾರದೆ ಗೋಮಾಳದಲ್ಲಿ ನೆಟ್ಟು ಬರುವುದು ಅವನ ವಾಡಿಕೆ. ಮೊದಲನೆಯದು ಮಗಳು ಟ್ಯಾಮ್ಸಿನ್ ಹುಟ್ಟಿದ ವರ್ಷದ್ದು. ಈಗ ಆ ಮರ ಅವನಿಗಿಂತ ಎತ್ತರ.

ಅಲ್ಲಿ ಕುದುರೆ ಮೇಯಿಸುವ ಹಕ್ಕಿದ್ದ ನೆರೆಮನೆಯ ಹೆಸ್ಟರ್ ಎದುರಾದಳು.

“ಮರ ಕಡಿದು ಕಾಪಾಡ್ತಾರಂತೆ. ಇದ್ಯಾವ ಸೀಮೆ ನ್ಯಾಯ?” ಎಂದ ಡೆಸ್ಮಂಡ್.

“ನಮ್ಮ ಸೀಮೇದೇ ಕಣಯ್ಯಾ.”

“ನಿನ್ನ ಕುದುರೆ ಗಿಡ ತಿನ್ನೋದು?”

“ಒಳ್ಳೇದು.”

“ನನ್ನ ನಾಯಿ ಬಿಡೋದು?”

“ಕೆಟ್ಟದ್ದು. ನತ್ತಿಂಗ ಹಕ್ಕಿ ನೆಲದ ಮೇಲೇ ಮೊಟ್ಟೆ ಇಡುತ್ತೆ.”

“ಕುದುರೆ ಏನು ಹಾರ್ಕೊಂಡು ಹೋಗುತ್ತಾ?”

“ಕುದುರೆ ತನ್ನ ಪಾಡಿಗೆ ಮೇಯುತ್ತೆ. ನಿನ್ನ ನಾಯಿ ಬೇಟೆಗೆ ಹೊರಟ ರಾಜನ ಹಾಗೆ ಪೊದೆಪೊದೆ ಕೆದಕುತ್ತೆ. ಹಕ್ಕಿ ಹೆದರಿ ಎದ್ರೆ ಮೊಟ್ಟೆ ತಣ್ಣಗಾಗುತ್ತೆ.”

ಹೆಸ್ಟರ್ ಅವನನ್ನು ಟ್ಯಾಮ್ಸಿನ್ ಮರದ ಬುಡಕ್ಕೆ ಕರೆದೊಯ್ದಳು. ಸುತ್ತಲೂ ಹಬ್ಬಿದ್ದ ಹೀದರ್ ಎಂಬ ಕುರುಚಲು ಪೊದೆ ಅಲ್ಲಿ ಮಾತ್ರ ಒಣಗಿತ್ತು.

“ಈ ಮರಳಲ್ಲಿ ಹಲ್ಲಿಗಳು ಮೊಟ್ಟೆ ಹೂತಿಡ್ತಿದ್ವು. ಕಾವು ಕೊಡೋದು ತಾಯಿಯಲ್ಲ, ಬಿಸಿಲು. ನೀನು ಮಧ್ಯ ಕೊಡೆ ಹಿಡಿದೆ.”

“ನಾನು ಕಾಡು ಬೆಳೆಸ್ತಿದ್ದೆ.”

“ಅಜ್ಜಂದಿರು ಸೌದೆ ಕಡಿದು, ದನ ಮೇಯಿಸಿ ಬಯಲಾಗಿಟ್ಟ ಜಾಗ ಇದು. ಬಯಲನ್ನೇ ನಂಬಿದ ಜೀವ ಎಲ್ಲಿಗೆ ಹೋಗ್ಬೇಕು, ನಿನ್ನ ಹಜಾರಕ್ಕಾ?”

ಡೆಸ್ಮಂಡ್ ಕೊನೆಯ ಆಸೆಯಿಂದ ಮಗಳಿಗೆ ಫೋನ್ ಮಾಡಿದ. ಎಲ್ಲ ಕೇಳಿ ಅವಳೆಂದಳು: “ಅಪ್ಪಾ, ಇಷ್ಟು ವರ್ಷ ನನ್ನ ಹೆಸರಲ್ಲಿ ಹಲ್ಲಿ ಮನೆಗೆ ಬೀಗ ಹಾಕಿದ್ಯಾ?”

ಶನಿವಾರ ಆ ಮರಕ್ಕೆ ಗರಗಸ ಹಿಡಿಯಲು ಅವನು ಬೇರೆ ಯಾರನ್ನೂ ಬಿಡಲಿಲ್ಲ. ಮರ ಉರುಳಿತು, ಮರಳಿನ ಮೇಲೆ ಬಿಸಿಲು ಬಿತ್ತು. ಕಾಪಾಡಲು ಕಡಿಯಬೇಕೆಂಬ ಮಾತು ಅವನಿಗೆ ಇನ್ನೂ ಪೂರ್ತಿ ಜೀರ್ಣವಾಗಿರಲಿಲ್ಲ. ಆದರೂ ನಾಯಿಗೆ ಹಗ್ಗ ಕಟ್ಟಿದ. ಮೇ ತಿಂಗಳಲ್ಲಿ ಹಸಿರು ಪಕ್ಕೆಯ ಹಲ್ಲಿಯೊಂದು ಆ ಬೊಡ್ಡೆಯ ಮೇಲೆ ಮನೆಯ ಯಜಮಾನನಂತೆ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಡೆಸ್ಮಂಡ್ ಅದರ ಫೋಟೊ ಮಗಳಿಗೆ ಕಳಿಸಿದ.

ಓದುಗರೇ, ನಿಮ್ಮೂರಲ್ಲೂ ಇಂಥ ಗೋಮಾಳವಿರಬಹುದು. ಬರಿದಾಗಿ ಕಂಡ ನೆಲವೆಲ್ಲ ಖಾಲಿಯಲ್ಲ. ಹಿತ್ತಿಲಲ್ಲಿ ಧಾರಾಳವಾಗಿ ಗಿಡ ನೆಡಿ. ಬಯಲಿಗೆ ಸಸಿ ಹೊತ್ತು ಹೊರಡುವ ಮುನ್ನ ಮಾತ್ರ, ಅಲ್ಲಿ ಈಗಾಗಲೇ ಯಾರು ವಾಸವಾಗಿದ್ದಾರೆ ಎಂದು ಒಂದು ಮಾತು ವಿಚಾರಿಸಿ.