ಗಾಜು ಹತ್ತಲಿಲ್ಲ

"ಯಾಕ್ರೇ ಬೇಕು ನಿಮ್ಗೆ ಹಿಂದಿನ ಬಾಗ್ಲು? ಸೀರೆ ಒಳ್ಗೆ ನೂಲು ಸಿಕ್ಕಿಸ್ಕೊಂಡು ಹಿತ್ಲಿಂದ ಜಾರ್ಕೊಳ್ಳಕ್ಕಾ, ಬೋಸುಡೀರಾ?"

ಮುನಿನಾರಾಯಣಪ್ಪ ಹೀಗೆ ಬೈಯುತ್ತಿದ್ದರೆ ನಾವು ಬಿಸಿನೀರಿನ ಬಾಣಲೆಯಲ್ಲಿ ಕೈಯಾಡಿಸುತ್ತ ರೇಷ್ಮೆ ಗೂಡಿನ ಎಳೆ ಹುಡುಕುತ್ತಲೇ ಇದ್ದೆವು. ಎಳೆ ತಪ್ಪಿದರೆ ಅದಕ್ಕೆ ಬೇರೆ ಬೈಗುಳ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಅವನ ಫಿಲೇಚರ್ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಹಿಂದಿನ ವರ್ಷ ಒಲೆಯ ಕಿಡಿ ಹಾರಿ ಸೌದೆ ರಾಶಿ ಹತ್ತಿಕೊಂಡಾಗ ನಾವು ಜೀವ ಉಳಿಸಿಕೊಂಡದ್ದು ಆ ಹಿಂದಿನ ಬಾಗಿಲಿಂದಲೇ. ಆಮೇಲೆ ಅವನು ಅದಕ್ಕೆ ಬೀಗ ಜಡಿದ ದಿನ ಕೆಲಸ ನಿಲ್ಲಿಸಿ, ಬೀದಿಯಲ್ಲಿ ಕೂತು ತೆಗೆಸಿದ್ದೆವು. ಅವತ್ತು ಮುಂದೆ ನಿಂತು ಕೂಗಿದವಳು ದಿಲ್ಷಾದ್ ಬೇಗಂ. ಆ ಬಾಗಿಲ ಪಕ್ಕದ ಬಾಣಲೆ ಅವಳದು.

ತೊಂಬತ್ತಾರರಲ್ಲಿ ಚಾವಣಿ ಮೇಲೆ ಸೋಲಾರ್ ಬಂತು. ಬಿಸಿಲಿಗೇ ನೀರು ಕಾಯುತ್ತದಂತೆ, ಸೌದೆ ಒಲೆಯೇ ಬೇಡವಂತೆ. ಮೋಡ ಮುಚ್ಚಿದ ದಿನ ಮಾತ್ರ ಕರೆಂಟು ಹಾಕಿ ಕಾಯಿಸಬೇಕು. ಮಾರಲು ಬಂದ ಕಂಪನಿಯವನು ಒಂದು ಗಾಜಿನ ಪ್ಯಾನಲ್ಲನ್ನು ಅಂಗಳದಲ್ಲಿಟ್ಟು ಅದರ ಮೇಲೆ ಉರಿಯುವ ಕೊಳ್ಳಿ ಹಾಕಿಸಿದ. ಗಾಜು ಮಸಿಯಾಯಿತೇ ಹೊರತು ಹತ್ತಲಿಲ್ಲ. "ಬೆಂಕಿ ಪರೀಕ್ಷೇಲಿ ಎ ಕ್ಲಾಸ್ ಬಂದಿರೋ ಮಾಲು ಸಾರ್" ಅಂದ. ನೋಡಲು ಬಂದಿದ್ದ ಸರ್ಕಾರದ ಆಫೀಸರು ಚಪ್ಪಾಳೆ ತಟ್ಟಿದರು.

"ಕೇಳಿಸ್ತೇನ್ರೇ? ಕೆಳ್ಗೆ ಒಲೆ ಇಲ್ಲ, ಮೇಲಿರೋದು ಹತ್ತಲ್ಲ. ಇನ್ಯಾತಕ್ಕೆ ಬಾಗ್ಲು? ಗೋಡೆ ಎಬ್ಬುಸ್ತೀನಿ" ಅಂದ ಮುನಿನಾರಾಯಣಪ್ಪ.

ನಾವು ಜಗ್ಗಲಿಲ್ಲ. ಆಗ ಅವನು ನನ್ನ ತಮ್ಮ ಕೋನಪ್ಪನನ್ನು ನಮ್ಮ ಮೇಲೆ ಬಿಟ್ಟ. ಕೋನಪ್ಪ ಅಲ್ಲೇ ಮೇಸ್ತ್ರಿ. ನಮ್ಮ ಕಾಲೋನಿಯಿಂದ ಮೇಸ್ತ್ರಿಯಾದವನು ಅವನೊಬ್ಬನೇ, ಅವನು ಪ್ಯಾಂಟು ಹಾಕಿಕೊಂಡು ಹೊರಟ ದಿನ ನಾನೇ ದೃಷ್ಟಿ ತೆಗೆದಿದ್ದೆ. ನಮ್ಮೆಲ್ಲರ ಮುಂದೆ ಆ ಗಾಜಿನ ಮೇಲೆ ಕರ್ಪೂರ ಹಚ್ಚಿ, "ಅವ್ವನಾಣೆ, ಇದು ಹತ್ತಲ್ಲ ಕಣಕ್ಕಾ" ಅಂದ. ನಮ್ಮಲ್ಲಿ ಕರ್ಪೂರ ಹಚ್ಚಿ ಆಣೆ ಇಟ್ಟ ಮೇಲೆ ಎರಡನೇ ಮಾತಿಲ್ಲ. ಮತ್ತೆ ಕೇಳಿದವರಿಗೇ ಪಾಪ.

"ನಿನ್ ತಮ್ಮ ಅಂದ್ರೆ ನನ್ ತಮ್ಮ, ಓಬಳಕ್ಕಾ" ಅಂದಳು ದಿಲ್ಷಾದು. "ಅವ್ನ್ ಕಸಂ ನಂಗೂ ಸಾಕು, ಬಿಡು."

ಬಾಗಿಲು ಕಿತ್ತು ಇಟ್ಟಿಗೆ ಕಟ್ಟಿದರು. ಕೋನಪ್ಪನೇ ಮುಂದೆ ನಿಂತು ಕಟ್ಟಿಸಿದ.

ಆಷಾಢದ ಮೋಡ ಕವಿದ ಒಂದು ಬೆಳಿಗ್ಗೆ ಕರೆಂಟು ಹಾಕಿದರು. ಚಾವಣಿ ಮೇಲೆ ವೈರು ಜೋಡಿಸಿದ್ದ ಕಡೆ ಚಟಚಟ ಸದ್ದಾಯಿತು. ಹತ್ತಿದ್ದು ಗಾಜಿನ ಕೆಳಗಿದ್ದ ಚಾವಣಿಯ ಟಾರು ಶೀಟು. ಅಯ್ಯೋ, ಅದನ್ನು ಯಾವ ನನ್ಮಗನೂ ಪರೀಕ್ಷೆ ಮಾಡಿರಲಿಲ್ಲ! ಉರಿಯುವ ಟಾರು ನಮ್ಮ ತಲೆ ಮೇಲೆ ತೊಟ್ಟಿಕ್ಕಿತು. ಮುಂಬಾಗಿಲ ಹತ್ತಿರವಿದ್ದ ನಾವು ಒಬ್ಬರ ಮೇಲೊಬ್ಬರು ಬಿದ್ದು ಆಚೆ ಬಂದೆವು, ಹಿಂದೆಯೇ ನಡುತೊಲೆ ಕುಸಿಯಿತು. ದಿಲ್ಷಾದು ಒಳಗೇ ಉಳಿದಳು. ಹಿತ್ತಲಿಗೆ ಓಡಿದೆವು. ಅವಳು ಒಳಗಿನಿಂದ ಆ ಹೊಸ ಗೋಡೆ ಗುದ್ದುತ್ತಿದ್ದಳು, ನಾವು ಆಚೆಯಿಂದ ಬರಿಗೈಯಲ್ಲಿ ಗುದ್ದಿದೆವು. "ಓಬಳಕ್ಕಾ, ತೆಗಿಯೇ ಅಕ್ಕಾ" ಅನ್ನುವುದು ಕೇಳಿಸುತ್ತಿತ್ತು. ಆಮೇಲೆ ಕೇಳಿಸಲಿಲ್ಲ.

ಮಾರನೇ ದಿನ ಅದೇ ಆಫೀಸರು ಬಂದರು. ಕಂಪನಿಯವನು ಕರ್ಚೀಫಿನಿಂದ ಮಸಿ ಒರೆಸಿ ತೋರಿಸಿದ. "ನೋಡಿ ಸಾರ್, ಪ್ಯಾನಲ್ಲಿಗೆ ಏನೂ ಆಗಿಲ್ಲ. ನಮ್ಮ ಮಾಲು ಪಾಸು."

"ಬಾಗಿಲು ಮುಚ್ಚಿದ್ದು ಯಾರು?" ಆಫೀಸರು ಕೇಳಿದರು.

ಕೋನಪ್ಪ ನನ್ನ ಮುಖ ನೋಡಲಿಲ್ಲ. "ಹೆಂಗಸ್ರೇ ಒಪ್ಪಿದ್ರು ಸಾರ್."

ಹೋಗಿ ಅವನ ಕೊರಳಪಟ್ಟಿ ಹಿಡಿದೆ. "ಥೂ ನಿನ್ನ! ಅವ್ವನ ಮೇಲೆ ಆಣೆ ಇಟ್ಟಿದ್ಯಲ್ಲೋ ನಾಯಿ!"

"ಸುಳ್ಳಾಣೆ ಇಟ್ಟಿಲ್ಲ ಕಣಕ್ಕಾ" ಅಂದ, ಮೆಲ್ಲಗೆ. "ಗಾಜು ಹತ್ತಿಲ್ಲ ನೋಡು."

ನಿಜ, ಹತ್ತಿರಲಿಲ್ಲ. ಕೊರಳಪಟ್ಟಿ ಬಿಟ್ಟೆ. ಪರರು ಮೋಸ ಮಾಡಿದರೆ ಬೈದು ಉಗಿದು ಸುಮ್ಮನಾಗಬಹುದು. ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದವನು ಅಷ್ಟು ಸರಿಯಾಗಿ ಅಳೆದು ಆಣೆ ಇಟ್ಟಿದ್ದ.

ದಿಲ್ಷಾದಳ ನಲವತ್ತನೇ ದಿನದ ಫಾತಿಹಾ ಕಳೆಯುವ ಮೊದಲೇ ಅದೇ ಪ್ಯಾನಲ್ಲುಗಳನ್ನು ತೊಳೆದು ಪಕ್ಕದ ಬೀದಿಯಲ್ಲಿದ್ದ ಮುನಿನಾರಾಯಣಪ್ಪನ ಇನ್ನೊಂದು ಶೆಡ್ಡಿನ ಮೇಲೆ ಏರಿಸಿದರು. ಅಲ್ಲಿಗೂ ಒಂದೇ ಬಾಗಿಲು. ಕೋನಪ್ಪ ಮನೆಮನೆಗೆ ಬಂದು ಕೆಲಸಕ್ಕೆ ಕರೆದ. ಹೋದೆವು, ಎಲ್ಲರೂ ಹೋದೆವು. ಸೀದಾ ಹಿತ್ತಲಿಗೆ, ಹಾರೆ ಹಿಡಿದುಕೊಂಡು.

"ಏಯ್, ಏನ್ರೇ ಇದು? ಪೊಲೀಸ್ರಿಗೆ ಫೋನ್ ಮಾಡ್ತೀನಿ!" ಮುನಿನಾರಾಯಣಪ್ಪ ಕಿರುಚಿದ.

"ಮಾಡ್ರಿ. ಅವ್ರು ಬರೋಷ್ಟ್ರಲ್ಲಿ ಬಾಗ್ಲಾಗಿರ್ತದೆ" ಅಂದಳು ದಿಲ್ಷಾದಳ ತಂಗಿ ಶಹರ್ ಬಾನು.

ಮೊದಲ ಏಟಿಗೆ ಗಾರೆ ಉದುರಿತು. ಕೋನಪ್ಪ ಓಡಿ ಬಂದು ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತ.

"ಅಕ್ಕಾ, ನಿನ್ ಕಾಲಿಗ್ ಬೀಳ್ತೀನಿ. ನನ್ ಕೆಲ್ಸ ಹೋಯ್ತದೆ."

"ಸರ್ಕೊಳೋ."

ಅವನು ಸರಿಯಲಿಲ್ಲ. ಇಬ್ಬರೂ ಅಳುತ್ತಿದ್ದೆವು. ನಾನು ಹಾರೆ ಎತ್ತಿದೆ.