ಪೆಪೊನ ಎಡಗಾಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೈಫಾದ ಅರ್ಧ ಊರು ಹೇಳುತ್ತದೆ. ಹೇಳಲಿ. ಜರ್ಮನಿಯಿಂದ ಬಂದವಳು, ಗಡಿಯಾರದ ಹುಚ್ಚಿನವಳು ಎಂದೂ ಹೇಳುತ್ತಾರೆ, ಅದೂ ನಿಜವೇ. ಜನರನ್ನು ನೆಲದ ಮೇಲೆ ಮಲಗಿಸಿ, ಅವರ ಮೈ ಎಲ್ಲಿ ಬಿಗಿದಿದೆ, ಎಲ್ಲಿ ಸುಮ್ಮನೆ ಹೆದರಿ ಕೂತಿದೆ ಎಂದು ಅವರಿಗೇ ಗೊತ್ತುಮಾಡಿಸುವುದು ನನ್ನ ಕೆಲಸ. ಬಂದವರೆಲ್ಲ ಹಲ್ಲು ಕಚ್ಚಿ ಕಸರತ್ತು ಮಾಡಲು ಹೊರಡುತ್ತಾರೆ. ಕಡಿಮೆ ಮಾಡಿ, ಇನ್ನೂ ಕಡಿಮೆ, ಪಕ್ಕದಲ್ಲಿ ಕೂತವರಿಗೂ ಕಾಣದಷ್ಟು ಮೆಲ್ಲಗೆ ಎಂದು ಮೂವತ್ತು ವರ್ಷ ಬಡಕೊಂಡವಳಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ?

ಪೆಪೊ ಸಾಲ್ತಿಯೆಲ್ ಬಂದದ್ದು ವಸಂತದಲ್ಲಿ, ನಮ್ಮ ಪೆಸಹ ಹಬ್ಬ ಮುಗಿದ ವಾರ. ಅವನು ಗಂಟೆ ಒತ್ತುವ ಮೊದಲೇ ಮೆಟ್ಟಿಲ ಮೇಲೆ ಅವನ ಕಾಲಿನ ಸದ್ದು ಕೇಳಿತು. ಬಲಗಾಲು ಟಕ್ ಎನ್ನುತ್ತಿತ್ತು, ಎಡಗಾಲು ಸರ್ರನೆ ಎಳೆದುಕೊಂಡು ಬರುತ್ತಿತ್ತು. ಗ್ರೀಸಿನ ಸಲೋನಿಕದಿಂದ ಬಂದ ಬಂದರಿನ ಹಮಾಲಿ, ಅರವತ್ತಾರು ವರ್ಷ, ಬಾಗಿಲಿನಷ್ಟು ಅಗಲದ ಭುಜ. ಬ್ರಿಟಿಷರು ಬಂದರು ಬಿಟ್ಟುಹೋದ ವರ್ಷ ಕಿತ್ತಳೆ ಪೆಟ್ಟಿಗೆಗಳ ರಾಶಿ ಸೊಂಟದ ಮೇಲೆ ಕುಸಿದಿತ್ತಂತೆ. ಮೂಳೆ ಯಾವತ್ತೋ ಕೂಡಿತ್ತು. ಕಾಲಿಗೆ ಮಾತ್ರ ಆ ಸುದ್ದಿ ಯಾರೂ ಹೇಳಿರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಒಂದೇ. ಹೆಂಡತಿ ಜೋಯಾ ಎಂಟು ತಿಂಗಳಿಂದ ಕೆಳಗೆ ಕಡಲ ಹತ್ತಿರದ ಶುಶ್ರೂಷಾಲಯದಲ್ಲಿದ್ದಳು. ಸಕ್ಕರೆ ಕಾಯಿಲೆ ಅವಳ ಕಣ್ಣು ತೆಗೆದಿತ್ತು, ಈಗ ನೆನಪೂ ಒಂದೊಂದಾಗಿ ಹೋಗುತ್ತಿತ್ತು. ಇವರ ಮನೆ ಮೂರನೇ ಮಹಡಿಯಲ್ಲಿ, ಅರವತ್ತೆರಡು ಮೆಟ್ಟಿಲು, ಲಿಫ್ಟ್ ಇಲ್ಲ. ಅವಳನ್ನು ಎತ್ತಿಕೊಂಡು ಹತ್ತುವುದಕ್ಕೆ, ಇಳಿಯುವುದಕ್ಕೆ ಆಗುತ್ತದೆಂದು ತೋರಿಸಿದರೆ ಕಳಿಸುತ್ತೇನೆ, ಇಲ್ಲದಿದ್ದರೆ ಆಸೆ ಬಿಡಿ ಎಂದು ಅಲ್ಲಿನ ದೊಡ್ಡ ನರ್ಸ್ ಖಡಾಖಂಡಿತವಾಗಿ ಹೇಳಿದ್ದಳು.

"ಟೀಚರಮ್ಮ, ಅವ್ಳು ನನ್ನ ಪೂರ್ತಿ ಮರೆಯೋದ್ರೊಳಗೆ ಮನೇಗೆ ಕರ್ಕೊಂಡ್ ಬರ್ಬೇಕು," ಎಂದ. "ನಡಿಗೆ ಚೆಂದ ಆಗ್ಲಿ ಅಂತ ಬಂದಿಲ್ಲ. ಈ ವಯಸ್ನಲ್ಲಿ ನನ್ನ ಯಾರು ನೋಡ್ತಾರೆ?"

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಮಲಗಿದವರ ಕಥೆ ಕೇಳುವುದಿಲ್ಲ. ಯಾಕೆ ಹೀಗಾಯಿತು, ಮನೆಯಲ್ಲಿ ಯಾರಿದ್ದಾರೆ, ಏನು ದುಃಖ, ಯಾವುದೂ ಬೇಡ. ಮಾತಿಗೆ ಬಿಟ್ಟರೆ ಗಮನವೆಲ್ಲ ನಾಲಿಗೆಗೆ ಹೋಗುತ್ತದೆ, ಮೈ ಹಾಗೇ ಉಳಿಯುತ್ತದೆ. ನನಗೆ ಪಾಠ ಹೇಳಿದವರು ಹಾಗೆ ಕಲಿಸಿದ್ದರು, ನಾನು ಅವರಿಗಿಂತ ಒಂದು ಕೈ ಹೆಚ್ಚೇ ಪಾಲಿಸುತ್ತಿದ್ದೆ. ಪೆಪೊ ಬಾಯಿಬಡುಕ. ಒಂದು ದಿನ ಅಂಗಾತ ಮಲಗಿಕೊಂಡೇ, ಜೋಯಾಗೆ ಈಗ ದನಿಗಳೆಲ್ಲ ಕಲಸಿಹೋಗಿವೆ, ನಾನು ಮಾತಾಡಿದರೆ ಅವಳಣ್ಣ ಅನ್ನುತ್ತಾಳೆ, ಡಾಕ್ಟರು ಅನ್ನುತ್ತಾಳೆ, ಕಾಲಿನ ಸದ್ದು ಮಾತ್ರ ಎಂದು ಏನೋ ಶುರುಮಾಡಿದ. "ಬಾಯಿ ಮುಚ್ಚು ಪೆಪೊ, ಉಸಿರು ಎಲ್ಲಿವರೆಗೆ ಇಳೀತಿದೆ ನೋಡ್ಕೊ," ಎಂದು ಗದರಿಸಿದೆ. ಅವನು ಪಾಪ, ಮಾತನ್ನು ಅರ್ಧಕ್ಕೇ ನುಂಗಿಕೊಂಡು ಉಸಿರು ನೋಡಿಕೊಂಡ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಮೊದಲ ಆರು ವಾರ ನಾನು ಎಡಗಾಲನ್ನು ಮುಟ್ಟಲೇ ಇಲ್ಲ. ಸರಿಯಿರುವ ಬಲಗಾಲಿನ ಜೊತೆಗೇ ಕೆಲಸ. ಮೊಣಕಾಲು ಮಡಚಿ, ಪಾದವನ್ನು ನೆಲಕ್ಕೆ ಒಂದು ಚೂರು ಒತ್ತಿ, ಆ ಒತ್ತು ಸೊಂಟ ದಾಟಿ ಬೆನ್ನುಮೂಳೆಯ ಗುಂಟ ಹೇಗೆ ಕುತ್ತಿಗೆವರೆಗೆ ಹೋಗುತ್ತದೆ ಎಂದು ನೋಡುವುದು, ಬಿಡುವುದು, ವಿಶ್ರಾಂತಿ. ಸಲೀಸಾದದ್ದು ಹೇಗಿರುತ್ತದೆಂದು ಮೈಗೆ ಒಂದು ಕಡೆ ತಿಳಿದರೆ ಇನ್ನೊಂದು ಕಡೆ ತಾನಾಗಿ ನೋಡಿ ಕಲಿಯುತ್ತದೆ. ಪೆಪೊಗೆ ನಗು. ಕೆಟ್ಟಿರುವುದು ಎಡಗಾಲು, ಪಾಠ ಬಲಗಾಲಿಗೆ, ಟೀಚರಮ್ಮನಿಗೆ ಕನ್ನಡಕ ಬದಲಾಯಿಸಬೇಕು ಎಂದು ಛೇಡಿಸುತ್ತಿದ್ದ. ಹಾಗೆಂದು ಒಂದು ದಿನವೂ ತಪ್ಪಿಸಲಿಲ್ಲ. ಶುಕ್ರವಾರ ಬಂದರೆ ಈರುಳ್ಳಿ ಸಿಪ್ಪೆಯಲ್ಲಿ ರಾತ್ರಿಯಿಡೀ ಬೇಯಿಸಿದ ಕಂದು ಮೊಟ್ಟೆ ಎರಡು ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದ.

ಜುಲೈನಲ್ಲಿ ಒಂದು ಬೆಳಗ್ಗೆ ಪಾಠ ಮುಗಿಸಿ ಎದ್ದು ನಿಂತವನು ಕಿಟಕಿಯವರೆಗೆ ನಡೆದ. ಸದ್ದಿಲ್ಲ. ನಿಂತು ನೆಲ ನೋಡಿದ, ತಿರುಗಿ ನಡೆದ. ಎಡಗಾಲು ನೆಲ ಬಿಟ್ಟು ಮುಂದೆ ಬಂದು ಇಳಿಯುತ್ತಿತ್ತು, ಅಷ್ಟೇ. ಇಪ್ಪತ್ತಾರು ವರ್ಷದ ಹೆದರಿಕೆ ಯಾವಾಗ ಬಿಟ್ಟುಹೋಯಿತೋ ಅವನಿಗೂ ತಿಳಿಯಲಿಲ್ಲ. ಇದು ನನ್ನ ಕಾಲೇನಾ ಎಂದು ಕೇಳಿ, ನನ್ನ ಮನೆಯ ಮೆಟ್ಟಿಲನ್ನು ಮೂರು ಸಲ ಇಳಿದು ಹತ್ತಿದ. ನನ್ನ ಜಂಭಕ್ಕೆ ಆವತ್ತು ಹಿಡಿತವಿರಲಿಲ್ಲ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಅವನು ಐವತ್ತು ಕಿಲೋ ಹಿಟ್ಟಿನ ಮೂಟೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಅರವತ್ತೆರಡು ಮೆಟ್ಟಿಲು ಹತ್ತಿ ತೋರಿಸಿದಾಗ ಆ ಕಟುಕಿ ನರ್ಸ್ ಕೂಡ ತಲೆಯಾಡಿಸಿ, ಭಾನುವಾರ ಬಂದು ಕರೆದುಕೊಂಡು ಹೋಗಿ ಎಂದಳು.

ಭಾನುವಾರ ನಾನೂ ಜೊತೆಗೆ ಹೋದೆ. ಪೆಪೊ ಬಿಳಿ ಅಂಗಿ ಹಾಕಿದ್ದ. ಉದ್ದನೆಯ ಪಡಸಾಲೆ, ಕೊನೆಯಲ್ಲಿ ಕಿಟಕಿ, ಕಿಟಕಿಯ ಹತ್ತಿರ ಸಣ್ಣ ಮೈಯ ಹೆಂಗಸು ಕುರ್ಚಿಯಲ್ಲಿ. ನಾವು ಪಕ್ಕಕ್ಕೆ ಬಂದು ನಿಂತರೂ ಅವಳು ತಿರುಗಲಿಲ್ಲ.

"ಜೋಯಾ, ಎದ್ದೇಳೇ, ಮನೇಗೆ ಹೋಗೋಣ," ಎಂದ.

ಅವಳು ಡಾಕ್ಟರೇ ಎಂದು ಕೇಳಿದಳು. ಅಲ್ಲ, ನಾನು ಪೆಪೊ ಎಂದ. ಅವಳು ನಕ್ಕು, ಪೆಪೊ ಇನ್ನೂ ಬಂದಿಲ್ಲ, ಬಂದಿದ್ದರೆ ನನಗೆ ಕೇಳುತ್ತಿತ್ತು ಎಂದಳು. ಅವನು ಭುಜಕ್ಕೆ ಕೈ ಹಾಕಿದ. ಕಿರುಚಿಕೊಂಡಳು. ಪರಗಂಡಸು ಮೈ ಮುಟ್ಟುತ್ತಿದ್ದಾನೆ, ಪೆಪೊನನ್ನು ಕರೆಯಿರಿ ಎಂದು ಅಳತೊಡಗಿದಳು. ದೊಡ್ಡ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, ದಿನಾ ಇವನ ಕಾಲಿನ ಸದ್ದು ಗೇಟಿನಲ್ಲೇ ಕೇಳಿಸಿಕೊಂಡು ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದಳು, ಈಗ ಒಂದು ವಾರದಿಂದ ಕಾದು ಕಾದು ಊಟವನ್ನೇ ಬಿಟ್ಟಿದ್ದಾಳೆ ಎಂದಳು. ಆ ವಾರವೆಲ್ಲ ಪೆಪೊ ಬಂದಿರಲಿಲ್ಲವೇ ಎಂದು ಕೇಳಿದೆ. ದಿನಾ ಬಂದಿದ್ದಾನೆ, ನಾಳೆ ಸರಿಹೋಗುತ್ತದೆ ಎಂದುಕೊಂಡು ಹೋಗಿದ್ದಾನೆ, ನಿಮಗೆ ಹೇಳಲಿಲ್ಲವೇ ಎಂದಳು. ನನಗೆ ಹೇಳುವ ಅಭ್ಯಾಸವನ್ನು ನಾನೇ ತಪ್ಪಿಸಿದ್ದೆನಲ್ಲ.

ಮರುದಿನ ಬೆಳಗ್ಗೆ ಅವನು ಬಂದಾಗ ಮೆಟ್ಟಿಲ ಮೇಲೆ ನನಗೂ ಏನೂ ಕೇಳಿಸಲಿಲ್ಲ. ಬಾಗಿಲು ತೆಗೆದರೆ ನಿಂತಿದ್ದ.

"ನನ್ ಕುಂಟು ವಾಪಸ್ ಕೊಡಿ ಟೀಚರಮ್ಮ," ಎಂದ.

ಒಳಗೆ ಕರೆದು ಮಲಗಿಸಿದೆ. ನನ್ನ ಕೈಗಳಿಗೆ ಎಲ್ಲ ನೆನಪಿತ್ತು. ಎಡಸೊಂಟವನ್ನು ಹೇಗೆ ಮೇಲಕ್ಕೆಳೆದು ಹಿಡಿಯುತ್ತಿದ್ದ, ಹೆಜ್ಜೆಗೆ ಮುಂಚೆ ಉಸಿರನ್ನು ಎಲ್ಲಿ ಕಟ್ಟುತ್ತಿದ್ದ, ಹೆಬ್ಬೆರಳು ಹೇಗೆ ಒಳಕ್ಕೆ ಸುರುಟಿಕೊಳ್ಳುತ್ತಿತ್ತು. ಒಂದೊಂದನ್ನೇ ಬಿಡಿಸಿದ್ದವಳು ಒಂದೊಂದನ್ನೇ ಕಟ್ಟಿದೆ. ಜೀವಮಾನದಲ್ಲಿ ಅಂಥ ಹೊಲಸು ಕೆಲಸ ಮಾಡಿಲ್ಲ. ಮೈಯೋ, ಸುಖ ಕಂಡ ಮೈ, ಒಪ್ಪುತ್ತಿರಲಿಲ್ಲ. ಎರಡು ಹೆಜ್ಜೆ ಎಳೆದರೆ ಮೂರನೆಯದಕ್ಕೆ ಕಾಲು ತಾನಾಗಿ ಎದ್ದುಬಿಡುತ್ತಿತ್ತು. ಪೆಪೊ ತನ್ನ ತೊಡೆಗೆ ತಾನೇ ಗುದ್ದಿಕೊಳ್ಳುತ್ತಿದ್ದ. ಒಂದು ತಿಂಗಳಾದ ಮೇಲೆ ಸದ್ದು ಬಂತು. ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ, ನನಗೇನೂ ವ್ಯತ್ಯಾಸ ತಿಳಿಯಲಿಲ್ಲ.

ಮತ್ತೆ ಆ ಪಡಸಾಲೆ. ಅವನು ಕಾಲೆಳೆಯುತ್ತ ಅರ್ಧ ದಾರಿ ಬರುವಷ್ಟರಲ್ಲಿ ಜೋಯಾ ಮುಖ ತಿರುಗಿಸಿದಳು. ಅವಳ ಕೈ ಕೂದಲಿಗೆ ಹೋಯಿತು. ಪೆಪೊನ ಕಣ್ಣಲ್ಲಿ ನೀರು ತುಂಬಿತ್ತು, ನನ್ನ ಕಣ್ಣಲ್ಲೂ. ಅವನು ಇನ್ನೂ ನಾಲ್ಕು ಹೆಜ್ಜೆ ಇಟ್ಟ. ಅವಳ ಕೈ ಕೂದಲಲ್ಲೇ ನಿಂತಿತು. ಕತ್ತು ವಾಲಿಸಿ ಕೇಳಿಸಿಕೊಂಡಳು, ಮೆಲ್ಲಗೆ ಕೈ ಇಳಿಸಿದಳು.

"ನಮ್ ಪೆಪೊ ಥರಾನೇ ನಡೀತೀಯಲ್ಲಪ್ಪ," ಎಂದಳು. "ಅವನನ್ನ ಅಣಕಿಸ್ತಿದ್ದೀಯಾ? ಪೆಟ್ಟಿಗೆ ಬಿದ್ದು ಹಾಗಾಗಿರೋದು ಕಣಪ್ಪ. ಆಡ್ಕೋಬಾರ್ದು."

ಪೆಪೊ ನಿಂತಲ್ಲೇ ನಿಂತ. ಸೊಂಟ ಇಳಿಯಿತು, ಉಸಿರು ಬಿಟ್ಟ. ಅವನ ಕಾಲು ಮತ್ತೆ ಸಲೀಸಾದದ್ದು ನನ್ನ ಕಣ್ಣಿಗೆ ಕಂಡಿತು. ಹತ್ತಿರ ಹೋಗಿ ಕುರ್ಚಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

"ತಪ್ಪಾಯ್ತಮ್ಮ. ಬಂದರಿನಿಂದ ಪೆಪೊನೇ ನನ್ನ ಕಳ್ಸಿದ್ದು. ಹಡಗು ತಡ ಆಗಿದೆಯಂತೆ. ನಿಮ್ಮನ್ನ ಮನೇಗೆ ಕರ್ಕೊಂಡ್ ಹೋಗಿ ಕೂರ್ಸು, ಆಮೇಲೆ ಬರ್ತೀನಿ ಅಂದ."

ಕಟ್ಟಿಕೊಂಡ ಹೆಂಡತಿಯನ್ನು ಅವನು ನೀವು ಎಂದು ಕರೆದದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಗೋಡೆಯ ಕಡೆ ತಿರುಗಿ ನಿಂತೆ. ಜೋಯಾ ಸ್ವಲ್ಪ ಯೋಚಿಸಿ, ಅವನು ಹೇಳಿದನೆಂದರೆ ಸರಿ ಎಂದಳು.

ಅರವತ್ತೆರಡು ಮೆಟ್ಟಿಲನ್ನು ಅವನು ಒಂದು ಸಲವೂ ನಿಲ್ಲದೆ ಹತ್ತಿದ. ನಾನು ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದೆ. ಅಷ್ಟು ಹಗುರವಾಗಿ ಒಬ್ಬ ಮನುಷ್ಯ ಇನ್ನೊಬ್ಬರನ್ನು ಹೊತ್ತದ್ದನ್ನು ನಾನು ಕಂಡಿಲ್ಲ, ಅದನ್ನು ಕಲಿಸಿದವಳು ನಾನೇ. ಅವಳು ಮಾತ್ರ ಅವನ ಕೊರಳಿಗೆ ಕೈ ಹಾಕಲಿಲ್ಲ. ಎರಡೂ ಕೈಯನ್ನು ತನ್ನ ಎದೆಯ ಮೇಲೆ ಮಡಚಿಟ್ಟುಕೊಂಡಿದ್ದಳು.

ಈಗ ಶುಕ್ರವಾರ ಸಂಜೆ ನಾನೇ ಅಲ್ಲಿಗೆ ಹೋಗುತ್ತೇನೆ. ಅವನು ಅಡುಗೆ ಮಾಡುತ್ತಾನೆ, ಉಣಿಸುತ್ತಾನೆ, ಅವಳ ಕೂದಲು ಬಾಚುತ್ತಾನೆ. ಹೋದ ವಾರ ಜೋಯಾ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಈ ಮನುಷ್ಯ ತುಂಬಾ ಒಳ್ಳೇವ್ನು ತಾಯಿ. ಆದ್ರೆ ನಮ್ ಪೆಪೊ ಬರೋ ಹೊತ್ತಾಯ್ತು. ಮನೇಲಿ ಬೇರೆ ಗಂಡ್ಸಿದ್ರೆ ಅವ್ನಿಗೆ ಆಗಲ್ಲ, ಹೊಟ್ಟೆಕಿಚ್ಚಿನವ್ನು. ನೀನೇ ನಯವಾಗಿ ಹೊರಡು ಅಂತ ಹೇಳಮ್ಮ."

ಪಿಸುಗುಟ್ಟಿದ್ದಳು, ಆದರೂ ಅಡುಗೆಮನೆಗೆ ಕೇಳಿಸಿತು. ಪೆಪೊ ಕೈ ಒರೆಸಿಕೊಂಡು ಬಂದ. ನನ್ನನ್ನು ನೋಡಿ, ಅದೊಂದು ನಿಜ, ನಾನು ಹೊಟ್ಟೆಕಿಚ್ಚಿನವನೇ ಎಂದು ಮೆಲ್ಲಗೆ ಹೇಳಿದ. ಆಮೇಲೆ ಅವಳಿಗೆ ಬರುತ್ತೇನೆಂದು ಹೇಳಿ, ಟೋಪಿ ಹಾಕಿಕೊಂಡು, ಬಾಗಿಲು ಎಳೆದುಕೊಂಡು ಹೋದ. ದಿನಾ ಸಂಜೆ ಹೀಗೆಯೇ ಅಂತೆ. ಅರ್ಧ ಗಂಟೆಯ ಮೇಲೆ ನಾನು ಬಾಗಿಲು ತೆಗೆದು ನೋಡಿದರೆ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದ.

"ಮಲಗಿದ್ಲಾ?" ಎಂದು ಕೇಳಿದ.

ಇಲ್ಲ, ಇನ್ನೂ ನಿನಗಾಗಿ ಕಾಯುತ್ತಿದ್ದಾಳೆ ಎಂದೆ. ಸರಿ ಎಂದು, ನಾನು ಇಳಿಯುವುದಕ್ಕೆ ದಾರಿಯಾಗಲೆಂದು ಕಾಲು ಮಡಚಿಕೊಂಡ.