ಅತ್ತೆಯ ಬಲಗೈ

ಶುಕ್ರವಾರದೊಳಗೆ ಅತ್ತೆಯ ಬಲಗೈ ತಲೆಯ ಮೇಲೆ ಹೋಗಬೇಕಿತ್ತು. ಹೋಗಿ, ಇಪ್ಪತ್ತು ನಿಮಿಷ ಅಲ್ಲಾಡದೆ ಅಲ್ಲೇ ನಿಲ್ಲಬೇಕಿತ್ತು. ಎದೆಯ ಗಡ್ಡೆ ತೆಗೆದು ಏಳು ವಾರವಾಗಿತ್ತು, ಇನ್ನು ರೇಡಿಯೇಷನ್ ಆಗಬೇಕು. ಅದಕ್ಕೆ ಮೊದಲು ಅಳತೆಯ ಸ್ಕ್ಯಾನ್, ಆ ಸ್ಕ್ಯಾನಿಗೆ ಕೈ ಮೇಲೆತ್ತಿಯೇ ಮಲಗಬೇಕು. ಶುಕ್ರವಾರ ತಪ್ಪಿದರೆ ಮುಂದಿನ ಸರದಿ ಒಂದು ತಿಂಗಳಿಗೆ, ಅಷ್ಟು ದಿನ ಕಾಯುವುದು ಅಪಾಯ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕೈಯೋ, ಭುಜದ ಮಟ್ಟಕ್ಕೆ ಬಂದು ಮೊಂಡುಬಿದ್ದು ನಿಂತಿತ್ತು.

ಮಸಾಜು ಮಾಡುವ ಸೊಸೆ ಮನೆಯಲ್ಲೇ ಇದ್ದಳು. ಆದರೆ ಹನ್ನೊಂದು ವರ್ಷದಿಂದ ಅತ್ತೆ ಆ ಕೆಲಸವನ್ನು ‘ಕಂಡವರ ಮೈ ಒತ್ತೋದು’ ಎಂದೇ ಕರೆಯುತ್ತಿದ್ದಳು. ನಲವತ್ತು ವರ್ಷ ಟೈಲರ್ ಅಂಗಡಿ ನಡೆಸಿದ ಹೆಂಗಸು, ಬಿಗುಮಾನದ ಮುದ್ದೆ. ಅಂಥವಳು ಹೋಗಿ ಹೋಗಿ ಸೊಸೆಯ ಟೇಬಲ್ಲಿನ ಮೇಲೆ ಅಂಗಾತ ಮಲಗುವುದೆಂದರೇನು! ಸೊಸೆಯ ಮಸಾಜಿಗೆ ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೂ ಎರಡು ದಿನ ಮುಖ ಊದಿಸಿಕೊಂಡಿದ್ದು, ಭಾನುವಾರ ತಾನಾಗಿಯೇ ಬಂದು ಮಲಗಿದಳು.

ಸೊಸೆ ಅತ್ತೆಯ ಕಸುಬಿನ ಮಾತಲ್ಲೇ ತಿಳಿಹೇಳಿದಳು. ಕೋಟಿನ ಒಳಗೆ ಲೈನಿಂಗ್ ಇರುವ ಹಾಗೆ, ಚರ್ಮದ ಕೆಳಗೆ ಒಂದೊಂದು ಸ್ನಾಯುವನ್ನೂ ಸುತ್ತಿಕೊಂಡು ನೆತ್ತಿಯಿಂದ ಅಂಗಾಲಿನವರೆಗೆ ತೆಳ್ಳನೆಯ ಪೊರೆಯೊಂದಿದೆ, ಫ್ಯಾಸಿಯಾ ಎನ್ನುತ್ತಾರೆ. ಗಾಯ ಮಾಯುವಾಗ ಅದು ಕಂಕುಳ ಹತ್ತಿರ ಅಂಟಿಕೊಂಡು ಸುಕ್ಕಾಗಿದೆ. ಲೈನಿಂಗ್ ಒಂದು ಕಡೆ ಹಿಡಿದುಕೊಂಡರೆ ತೋಳು ಎಲ್ಲಿ ಏಳುತ್ತದೆ? ಅದನ್ನು ಮೆಲ್ಲಗೆ ಒತ್ತಿಹಿಡಿದು, ತಾನಾಗಿ ಸಡಿಲವಾಗುವವರೆಗೆ ಕಾಯಬೇಕು. ಹೆಚ್ಚು ನೋಯಿಸಿದರೆ ಮೈ ಹೆದರಿ ಇನ್ನೂ ಬಿಗಿದುಕೊಳ್ಳುತ್ತದೆ. ಅದಕ್ಕೇ ನೋವು ಹತ್ತಕ್ಕೆ ಎಷ್ಟೆಂದು ಹೇಳುತ್ತಿರಬೇಕು, ಐದು ದಾಟಿದರೆ ಕೈ ತೆಗೆಯುತ್ತೇನೆ ಎಂದಳು.

“ಎರಡು,” ಎಂದಳು ಅತ್ತೆ.

ಸೊಸೆ ಇನ್ನಷ್ಟು ಒತ್ತಿದಳು. ಆಗಲೂ ಎರಡು. ಸೋಮವಾರವೂ ಎರಡೇ. ಏನೋ ಸರಿಯಿಲ್ಲ ಎಂದು ಬೆರಳು ಹೇಳುತ್ತಲೇ ಇತ್ತು, ಆದರೂ ಇವರು ಗಟ್ಟಿಪಿಂಡ ಎಂದುಕೊಂಡು ಆಳಕ್ಕೆ ಹೋದಳು. ಎಡವಿದ್ದೇ ಅಲ್ಲಿ. ಹೊರಗಿನವರಾಗಿದ್ದರೆ ಬಾಯಿಯ ಮಾತು ಬಿಟ್ಟು ಮುಖ ನೋಡುತ್ತಿದ್ದಳು. ಅತ್ತೆಯ ಮುಖವನ್ನು ನೇರವಾಗಿ ನೋಡುವ ಅಭ್ಯಾಸವೇ ಅವಳಿಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಕೈ ಭುಜದ ಮಟ್ಟಕ್ಕೂ ಬರಲಿಲ್ಲ. ಕಂಕುಳ ಕೆಳಗೆ ಅಂಗೈಯಗಲ ನೀಲಿಗಟ್ಟಿತ್ತು. ಸೊಸೆ ಡಾಕ್ಟರಿಗೆ ಫೋನು ಮಾಡಿದರೆ, ಆ ಜಾಗ ಮುಟ್ಟಲೇಬೇಡಿ, ಸುತ್ತ ಹಗುರಾಗಿ ಮಾಡಿ ನೋಡಿ ಎಂದರು. ಇದೆಲ್ಲ ಬೇಕಿತ್ತಾ ಎಂದು ಗಂಡ ಬಾಗಿಲಲ್ಲಿ ನಿಂತು ಗೊಣಗಿದವನು, ಹೆಂಡತಿಯ ಕಣ್ಣು ಕಂಡು ತೆಪ್ಪಗೆ ಜಾಗ ಖಾಲಿ ಮಾಡಿದ.

ಸೊಸೆ ಬಾಗಿಲು ಹಾಕಿ ಬಂದಳು. ಈ ಸಲ ಮುಖ ನೋಡಿದಳು. ಹಣೆಯೆಲ್ಲ ಬೆವರು, ದವಡೆ ಬಿಗಿದಿತ್ತು.

“ಅತ್ತೆ, ನಿಜ ಹೇಳಿ. ಎಷ್ಟಿತ್ತು?”

ಅತ್ತೆ ಗೋಡೆಯ ಕಡೆ ತಿರುಗಿದಳು. “ಒಂಬತ್ತು.”

ಸೊಸೆಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ಹಾಳಾಯಿತಲ್ಲ, ಅದೂ ನನ್ನ ಕೈಯಿಂದಲೇ ಹಾಳು ಮಾಡಿಸಿದಿರಲ್ಲ, ಇದೆಂಥ ಜಂಭ ಎಂದು ಆ ಮನೆಗೆ ಬಂದ ಮೇಲೆ ಮೊದಲ ಸಲ ಅತ್ತೆಯ ಮೇಲೆ ದನಿ ಏರಿಸಿದಳು.

“ಜಂಭ ಅಲ್ಲ ಕಣೇ. ಐದು ದಾಟಿದ್ರೆ ಕೈ ತೆಗೀತೀನಿ ಅಂದ್ಯಲ್ಲ. ನೀನೂ ಕೈಬಿಟ್ರೆ ನಾನೇನು ಮಾಡ್ಲಿ? ನಾನು ಬದುಕ್ಬೇಕು.”

ಸೊಸೆಯ ಸಿಟ್ಟು ಜರ್ರನೆ ಇಳಿಯಿತು. ಕೈ ತೆಗೆಯುವುದೆಂದರೆ ಬಿಟ್ಟುಹೋಗುವುದಲ್ಲ, ಹಗುರ ಮಾಡಿ ಮತ್ತೆ ಇಡುವುದು ಎಂದು ಬಿಡಿಸಿ ಹೇಳಿದಳು. ನೋವಿದ್ದ ಜಾಗ ಬಿಟ್ಟು, ಸೊಂಟದ ಮೇಲಿನ ಪಕ್ಕೆಗೆ ಅಂಗೈ ಇಟ್ಟು ಸುಮ್ಮನೆ ಕಾದಳು. ಅತ್ತೆ ಆರು ಎಂದಳು, ಸೊಸೆ ಭಾರ ಇಳಿಸಿದಳು. ಅತ್ತೆ ನಾಲ್ಕು ಎಂದಳು, ಸೊಸೆ ಹಾಗೇ ಹಿಡಿದಳು. ಐದು ನಿಮಿಷವಾದ ಮೇಲೆ ಅಂಗೈಯ ಕೆಳಗೆ ಏನೋ ಒಂದೆಳೆ ಜಾರಿತು. ಅಲ್ಲಿಂದ ಮೇಲಕ್ಕೆ, ಬೆನ್ನಿಗೆ, ಕತ್ತಿನ ಮೂಳೆಯ ಕೆಳಗೆ. ಅವಸರ ಅವಳ ಎದೆಯಲ್ಲಿ ಕುದಿಯುತ್ತಿತ್ತು, ಕೈಗೆ ಮಾತ್ರ ಇಳಿಯಗೊಡಲಿಲ್ಲ.

ಬುಧವಾರ ಕೈ ಕಿವಿಯವರೆಗೆ ಬಂತು. ಗುರುವಾರ ತಲೆಯ ಮೇಲೆ ಹೋಯಿತು, ಆದರೆ ಹತ್ತೇ ನಿಮಿಷಕ್ಕೆ ಗಡಗಡ ನಡುಗಿ ಬಿದ್ದಿತು. ಇನ್ನು ಒತ್ತಿದರೆ ಮಂಗಳವಾರದ ಕತೆಯೇ. ಅಷ್ಟಕ್ಕೇ ನಿಲ್ಲಿಸಿದಳು.

ಶುಕ್ರವಾರ ಸ್ಕ್ಯಾನ್ ಕೋಣೆಯ ಬಾಗಿಲು ಮುಚ್ಚಿ ಮೇಲೆ ಕೆಂಪು ದೀಪ ಹತ್ತಿತು. ಸೊಸೆ ಹೊರಗಿನ ಬೆಂಚಿನ ತುದಿಯಲ್ಲಿ ಕೂತು ಗಡಿಯಾರವನ್ನೇ ನೋಡುತ್ತಿದ್ದಳು. ಹನ್ನೆರಡನೇ ನಿಮಿಷಕ್ಕೆ ಒಳಗಿದ್ದ ಟೆಕ್ನೀಷಿಯನ್ ದಡಬಡ ಹೊರಗೆ ಬಂದ. ಅವಳು ಎದ್ದು ನಿಂತಳು. ಅವನು ಬೀರುವಿನಿಂದ ಒಂದು ದಿಂಬು ಎಳೆದುಕೊಂಡು ಮಾತಿಲ್ಲದೆ ಒಳಹೋದ. ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಅರ್ಧ ಗಂಟೆಗೆ ಬಾಗಿಲು ತೆರೆಯಿತು. ಅತ್ತೆ ನಡೆದು ಬಂದಳು, ಬಲಗೈ ಇನ್ನೂ ತಲೆಯ ಮೇಲೇ ಇತ್ತು. ಮೊಣಕೈ ಕೆಳಗೆ ದಿಂಬು ಕೊಟ್ಟ ಮೇಲೆ ಕೈ ಅಲ್ಲಾಡಲಿಲ್ಲ, ಸ್ಕ್ಯಾನ್ ಚೆನ್ನಾಗಿ ಬಂದಿದೆ, ಈಗ ಕೈ ಇಳಿಸಿ ಇಳಿಸಿ ಅಂದರೂ ಕೇಳ್ತಿಲ್ಲ ಎಂದು ಹಿಂದೆ ಬಂದ ಟೆಕ್ನೀಷಿಯನ್ ದೂರು ಹೇಳಿದ. ಕಾರಿಡಾರಿನುದ್ದಕ್ಕೂ ಕೂತವರೆಲ್ಲ ನೋಡತೊಡಗಿದರು.

ಅತ್ತೆ ಯಾರನ್ನೂ ಲೆಕ್ಕಿಸದೆ ಸೊಸೆಯ ಹತ್ತಿರ ಬಂದು ನಿಂತಳು. “ಇಳಿಸಿದ್ರೆ ಮತ್ತೆ ಏಳುತ್ತಾ?”

ಸೊಸೆ ಮೊಣಕೈಗೆ ಆಸರೆ ಕೊಟ್ಟು ಕೈಯನ್ನು ಮೆಲ್ಲಗೆ ಇಳಿಸಿದಳು. ಈಗ ನೀವೇ ಎತ್ತಿ ನೋಡಿ ಎಂದಳು.

ಅತ್ತೆ ಎತ್ತಿದಳು. ಇಳಿಸಿ, ಇನ್ನೊಮ್ಮೆ ಎತ್ತಿದಳು. ಆಮೇಲೆ ಅದೇ ಕೈಯಲ್ಲಿ ಸೊಸೆಯ ಭುಜ ಹಿಡಿದುಕೊಂಡು, ಅಷ್ಟು ಜನರ ಎದುರು, ನೋಯುತ್ತೆ ಕಣೇ, ತುಂಬಾ ನೋಯುತ್ತೆ ಎಂದು ಗಟ್ಟಿಯಾಗಿ ಅತ್ತಳು.